ಕಡಿಮೆ ಬಂದದ್ದನ್ನು ಮಾತ್ರ ಬರೆದೆ

ಹೊಸನಗರದಲ್ಲಿ ನನ್ನದು ಮೊಬೈಲ್, ಇನ್ವರ್ಟರ್ ರಿಪೇರಿ ಅಂಗಡಿ. ಯಾವ ಕೋರ್ಸನ್ನೂ ಮಾಡಿದವನಲ್ಲ. ವಿಡಿಯೊ ನೋಡಿ, ಹಾಳಾದ ಸೆಟ್ಟುಗಳನ್ನು ಬಿಚ್ಚಿ, ಇನ್ನಷ್ಟು ಹಾಳು ಮಾಡಿ ಕಲಿತದ್ದು. ಹೆಂಡತಿ ಬಸುರಿಯಾದಾಗ ಬಸುರಿನ ವಿಷಯವನ್ನೂ ಹಾಗೇ ಕಲಿಯಬಹುದು ಅಂದುಕೊಂಡೆ. ಕಲಿತೆ ಕೂಡ. ಆರನೇ ತಿಂಗಳು ಮುಗಿಯುವ ಹೊತ್ತಿಗೆ ಏನೇನಾಗುತ್ತದೆ ಎಂದು ಅಂಗಡಿಗೆ ಬಂದವರು ಕೇಳದಿದ್ದರೂ ಹೇಳುತ್ತಿದ್ದೆ. ಮಗು ಒದೆಯುವುದು ಹೊರಗಿನಿಂದಲೇ ಕಾಣುತ್ತದೆ, ಊಟವಾದ ಮೇಲೆ ಎದೆ ಉರಿಯುತ್ತದೆ, ಬೆಳಗಿನ ಜಾವ ಮೀನಖಂಡ ಹಿಡಿದುಕೊಳ್ಳುತ್ತದೆ, ಸಂಜೆಗೆ ಪಾದ ಊದುತ್ತದೆ.

ತೀರ್ಥಹಳ್ಳಿಯಿಂದ ಅತ್ತೆ ಫೋನ್ ಮಾಡಿದಾಗಲೂ ಇದನ್ನೇ ಹೇಳಿದೆ.

"ಮೂರು ಹೆತ್ತೋಳಿಗೆ ನೀವು ಪಾಠ ಹೇಳ್ತೀರಲ್ಲ ಮಾರಾಯ್ರೆ. ಕಾಲು ಊದಿದ್ದು ಸರಿ. ಮುಖ ಎಂತಕ್ಕೆ ಊದಿದ್ದು? ವಿಡಿಯೊ ಕಾಲಲ್ಲಿ ನೋಡ್ದೆ ನಾನು."

"ಕ್ಯಾಮೆರಾ ಹತ್ರ ಹಿಡಿದ್ರೆ ಎಲ್ರ ಮುಖಾನೂ ಹಾಗೇ ಕಾಣುತ್ತೆ ಅತ್ತೆ."

ಪಕ್ಕದಲ್ಲಿದ್ದ ಹೆಂಡತಿ ನಕ್ಕಳು. "ನಮ್ಮನೇಲೇ ಡಾಕ್ಟ್ರು ಇದಾರಮ್ಮ, ನೀ ಸುಮ್ನಿರು."

ಅದು ತಮಾಷೆಯಾದರೂ ಅವಳು ನನ್ನನ್ನು ನಿಜಕ್ಕೂ ನಂಬಿದ್ದಳು.

ಸಾಗರದ ಡಾಕ್ಟರು ತಿಂಗಳಿಗೊಮ್ಮೆ ನೋಡುತ್ತಿದ್ದರು. ನಡುವೆ ಮನೆಯಲ್ಲೂ ಬಿ.ಪಿ. ನೋಡಿ ಬರೆದಿಡಿ ಎಂದಿದ್ದರು. ನನಗೆ ಅಷ್ಟು ಸಾಕಿತ್ತು. ಮೆಷಿನ್ ತಂದೆ, ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿದೆ. ಮೊದಮೊದಲು ಮೇಲಿನ ಅಂಕಿ ನೂರ ಹದಿನೈದು, ನೂರ ಹದಿನೆಂಟು ಬರುತ್ತಿತ್ತು. ಇಪ್ಪತ್ತೈದನೇ ವಾರದ ಒಂದು ಬೆಳಿಗ್ಗೆ ನೂರ ನಲವತ್ತನಾಲ್ಕು ಬಂತು.

ಅಂಗಡಿಯಲ್ಲಿ ಮೀಟರು ವಿಚಿತ್ರ ಅಂಕಿ ತೋರಿಸಿದರೆ ನಾನು ಮೊದಲು ಅನುಮಾನಪಡುವುದು ಮೀಟರನ್ನೇ. ವಯರ್ ಸರಿಯಾಗಿ ತಾಗಿಲ್ಲ ಎಂದು ಮತ್ತೆ ಹಿಡಿಯುತ್ತೇನೆ. ಇಲ್ಲೂ ತೋಳಿನ ಪಟ್ಟಿ ಬಿಚ್ಚಿ ಮತ್ತೆ ಸುತ್ತಿದೆ. ನೂರ ನಲವತ್ತು. ಅವಳನ್ನು ಎಡಮಗ್ಗುಲಾಗಿ ಮಲಗಿಸಿ, ಮೇಲಿದ್ದ ಬಲತೋಳಿಗೆ ಸುತ್ತಿದೆ. ನೂರ ಇಪ್ಪತ್ತಾರು. ಅದನ್ನು ಬರೆದೆ. ಬಸುರಿಯರು ಎಡಮಗ್ಗುಲಾಗಿ ಮಲಗುವುದು ಒಳ್ಳೆಯದೆಂದು ಓದಿದ್ದೆನಲ್ಲ, ಹಾಗಾಗಿ ಆಗ ಬಂದದ್ದೇ ಸರಿಯಾದ ಅಂಕಿ ಎಂದು ನನಗೆ ನಾನೇ ಒಪ್ಪಿಸಿಕೊಂಡೆ.

"ಎಷ್ಟು ಬಂತು ರೀ?"

"ನೂರ ಇಪ್ಪತ್ತಾರು."

"ಮೂರು ಸಲ ಗಾಳಿ ತುಂಬಿದ್ರಲ್ಲ."

"ಮೊದ್ಲಿನ ಎರಡು ಸಲ ಪಟ್ಟಿ ಸರಿ ಕೂತಿರ್ಲಿಲ್ಲ."

ಹೆದರಿದರೆ ಬಿ.ಪಿ. ಏರುತ್ತದೆ, ಅದಕ್ಕೇ ಹೇಳಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಹೆದರಿದ್ದವನು ನಾನು.

ಎರಡು ವಾರ ಇದೇ ನಡೆಯಿತು. ಕೂರಿಸಿ ನೋಡಿದರೆ ಅಂಕಿ ದಿನದಿಂದ ದಿನಕ್ಕೆ ಏರುತ್ತಿತ್ತು. ಮಲಗಿಸಿದರೆ ಇಳಿಯುತ್ತಿತ್ತು. ನೋಟ್‌ಬುಕ್ಕಿನಲ್ಲಿ ಇಳಿದದ್ದು ಮಾತ್ರ. ತಲೆನೋವು ಎಂದಳು, ಮೊಬೈಲ್ ನೋಡಬೇಡ ಎಂದೆ. ಉಂಗುರವನ್ನು ಸೋಪು ಹಚ್ಚಿ ತೆಗೆಯಬೇಕಾಯಿತು. ಸಾಗರಕ್ಕೆ ಹೋಗುವ ದಿನ ಬಸ್ಸಿನಲ್ಲಿ, ಕಣ್ಣ ಮುಂದೆ ಮಿಣುಕು ಹುಳ ಹಾರಿದ ಹಾಗಾಗುತ್ತಿದೆ ಎಂದಳು. ಸಂಜೆಗೆ ಊದುವ ಪಾದ ಸಾಮಾನ್ಯ ಇರಬಹುದು. ಊದಿದ ಮುಖ, ಬಿಡದ ತಲೆನೋವು, ಕಣ್ಣ ಮುಂದಿನ ಈ ಮಿಣುಕು ಸಾಮಾನ್ಯವಲ್ಲ. ನಾನು ಅದನ್ನೂ ಓದಿದ್ದೆ. ನಮಗಲ್ಲ ಎಂದು ದಾಟಿ ಹೋಗಿದ್ದೆ.

ಡಾಕ್ಟರು ಎರಡು ಸಲ ನೋಡಿದರು. ಎರಡು ಸಲವೂ ನೂರ ಅರವತ್ತರ ಮೇಲೆ. ನನ್ನ ನೋಟ್‌ಬುಕ್ ತಿರುವಿದರು.

"ಮನೇಲಿ ಇಷ್ಟು ಚೆನ್ನಾಗಿದೆಯಲ್ರೀ. ಮೆಷಿನ್ ಕೆಟ್ಟಿದೆಯಾ? ತಂದಿದೀರಾ?"

ತಂದಿದ್ದೆ. ಅದನ್ನೂ ಕಟ್ಟಿ ನೋಡಿದರು. ಅವರಿಗೆ ಬಂದಷ್ಟೇ ಬಂತು. ಆಮೇಲೆ ಹಳೆಯ ಅಂಕಿಗಳನ್ನು ತೋರಿಸುವ ಬಟನ್ ಒತ್ತಿದರು. ಒತ್ತಿದ ಹಾಗೆ ಹಿಂದಿನವು ಒಂದೊಂದಾಗಿ ಬಂದವು. ನೂರ ಇಪ್ಪತ್ತೆಂಟು, ಅದರ ಹಿಂದೆ ನೂರ ಐವತ್ತು, ಅದರ ಹಿಂದೆ ನೂರ ಐವತ್ತೆಂಟು. ಹಿಂದಿನ ದಿನದ್ದೂ ಹಾಗೇ.

"ಮೂರು ಸಲ ನೋಡಿ ಒಂದೇ ಬರ್ದಿದೀರಿ."

"ಮಲಗಿದಾಗ ಕಮ್ಮಿ ಬರ್ತಿತ್ತು ಮೇಡಂ."

"ಮಗ್ಗುಲಾಗಿ ಮಲಗಿಸಿ ಮೇಲಿನ ಕೈಗೆ ಕಟ್ಟಿದ್ರಾ? ಕೈ ಎದೆಗಿಂತ ಎತ್ತರ ಇದ್ರೆ ಯಾರಿಗಾದ್ರೂ ಕಮ್ಮಿನೇ ತೋರಿಸುತ್ತೆ." ಹೆಂಡತಿಯ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ ಇದು?"

"ಇಲ್ಲ ಮೇಡಂ" ಎಂದಳು. ನನ್ನ ಕಡೆ ನೋಡಲಿಲ್ಲ. ಮೆಷಿನ್ನನ್ನೇ ನೋಡುತ್ತಿದ್ದಳು.

ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಇಂಜೆಕ್ಷನ್ ಕೊಟ್ಟು ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಹೊರಡುವಾಗ ಡಾಕ್ಟರು ನನ್ನೊಬ್ಬನನ್ನೇ ಕರೆದು ಹೇಳಿದರು: "ಹದಿನೈದು ದಿನ ಮುಂಚೆ ಬಂದಿದ್ರೆ ಮಾತ್ರೆ ಶುರು ಮಾಡ್ಬೋದಿತ್ತು. ಮಗೂಗೆ ಇನ್ನೊಂದಷ್ಟು ವಾರ ಸಿಕ್ತಿತ್ತೇನೋ. ಗ್ಯಾರಂಟಿ ಹೇಳಕ್ಕಾಗಲ್ಲ."

ಆ 'ಏನೋ' ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಾಲ್ಕನೇ ದಿನ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಎಂಟುನೂರ ನಲವತ್ತು ಗ್ರಾಂ. ಹೆಂಡತಿ ಉಳಿದಳು, ಮಗಳೂ ಉಳಿದಳು. ಇದನ್ನು ಬರೆಯುವಾಗ ಮಗಳಿಗೆ ವರ್ಷ ದಾಟಿದೆ. ಇನ್ನೂ ಆಸರೆ ಇಲ್ಲದೆ ಕೂರುವುದಿಲ್ಲ. ಮುಂಚೆಯೇ ಹುಟ್ಟಿದ್ದಕ್ಕೆ ಹೀಗೆ, ಕಾದು ನೋಡಿ ಎನ್ನುತ್ತಾರೆ.

ಹೆರಿಗೆಯ ಮರುದಿನ ಹೆಂಡತಿಗೆ ಏಳಲು ಆಗುತ್ತಿರಲಿಲ್ಲ. ಮಗು ಮೇಲಿನ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿತ್ತು. ನಾನು ಹೋಗಿ ನೋಡಿ ಬಂದು ಮಂಚದ ಪಕ್ಕ ನಿಂತೆ.

"ತೂಕ ಎಂತ ಆಗಿದೆ ಅಂದ್ರೆ..."

"ನೀವು ಹೇಳ್ಬೇಡಿ" ಎಂದಳು. "ಸಿಸ್ಟರ್ ಹತ್ರ ಬರೆಸ್ಕೊಂಡು ಬನ್ನಿ."

ಮತ್ತೆ ಹತ್ತಿ ಹೋದೆ. ಸಿಸ್ಟರು ಚೀಟಿಯಲ್ಲಿ ಬರೆದುಕೊಟ್ಟರು. ಎಂಟುನೂರ ಹತ್ತು. ಮೊದಲ ದಿನಗಳಲ್ಲಿ ಇಳಿಯುವುದು ಸಹಜ ಎಂದರು. ಆ ಮಾತನ್ನೂ ಬರೆದುಕೊಡಿ ಎಂದು ಕೇಳಿಕೊಂಡೆ. ಬರೆದರು.

ಹೆಂಡತಿ ಚೀಟಿಯನ್ನು ಎರಡು ಸಲ ಓದಿ, ಮಡಿಸಿ ದಿಂಬಿನ ಕೆಳಗಿಟ್ಟಳು.

"ನೀವು ಓದಿದ್ರಾ ಇದನ್ನ?"

"ಓದ್ದೆ."

"ನಾಳೆಯಿಂದ ಓದ್ಬೇಡಿ. ತಂದು ಕೊಡಿ, ಸಾಕು."