ಗಾಜಿನ ಮೇಲೊಂದು ಗುಳ್ಳೆ

ಎದುರಿಗೆ ನಿಂತವರ ಹಣೆಯ ಬೊಟ್ಟು ಎಳ್ಳಿನಷ್ಟು ವಾಲಿದ್ದರೂ ಅವರು ಆಡುತ್ತಿರುವ ಮಾತು ನನ್ನ ಕಿವಿಗೆ ಇಳಿಯುವುದಿಲ್ಲ. ಬೆರಳು ತಾನಾಗಿ ಅವರ ಹಣೆಯ ಕಡೆ ಹೊರಡುತ್ತದೆ. ಗ್ಯಾಸ್ ಸಿಲಿಂಡರ್ ಬಂದ ದಿನ, ಹಾಲು ಒಡೆದ ದಿನ, ಎಲ್ಲವನ್ನೂ ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡುವ ನನ್ನನ್ನು ಮನೆಯವರೆಲ್ಲ ತಾಳ್ಮೆಯ ಹೆಂಗಸು ಎಂದು ನಂಬಿದ್ದಾರೆ. ತಾಳ್ಮೆ ಇರುವುದು ಮೊಣಕೈವರೆಗೆ ಮಾತ್ರ. ಬೆರಳುಗಳಿಗೆ ಅದಿನ್ನೂ ತಲುಪಿಲ್ಲ.

ಇದು ಬಯಲಾದದ್ದು ತಂಗಿ ಮಂಗಳ ನರಸೀಪುರದಲ್ಲಿ ಹೊಲಿಗೆ ಅಂಗಡಿ ತೆರೆದ ಶುಕ್ರವಾರ. ಇಪ್ಪತ್ತು ವರ್ಷ ಅವಳು ಮನೆಯಲ್ಲೇ ಕೂತು ಪೇಟೆಯ ಅಂಗಡಿಯೊಂದಕ್ಕೆ ರವಿಕೆ ಹೊಲಿದುಕೊಟ್ಟವಳು. ಪ್ರತಿ ರವಿಕೆಯ ಕತ್ತಿನ ಹಿಂಭಾಗಕ್ಕೆ ಆ ಅಂಗಡಿಯ ಹೆಸರಿನ ಪಟ್ಟಿಯನ್ನೂ ಅವಳೇ ಹೊಲಿಯಬೇಕು. ಊರಿನ ಅರ್ಧ ಹೆಂಗಸರು ಅವಳ ಹೊಲಿಗೆ ತೊಟ್ಟು ಬೇರೆ ಯಾರನ್ನೋ ಹೊಗಳುತ್ತಿದ್ದರು. “ಅಂಗಡಿ ಚಿಕ್ಕದಾದ್ರೂ ಪರವಾಗಿಲ್ಲ ಅಕ್ಕ, ಹೆಸ್ರು ಮಾತ್ರ ನೆಟ್ಟಗೆ ಕಾಣ್ಬೇಕು” ಎಂದಿದ್ದಳು. ಗಾಜಿನ ಬಾಗಿಲಿಗೆ ಆ ಹೆಸರು ಅಂಟಿಸುವ ಕೆಲಸವನ್ನು ಯಾರೂ ಕೇಳದಿದ್ದರೂ ನಾನೇ ವಹಿಸಿಕೊಂಡೆ.

ನಂಜನಗೂಡಿನ ನಮ್ಮ ಬೀದಿಯ ರೇಡಿಯಂ ಅಂಗಡಿಯಲ್ಲಿ ಸ್ಟಿಕ್ಕರ್ ಮಾಡಿಸಿದೆ. ಹೊಳೆಯಲಿ ಬಿಡಲಿ, ನಮ್ಮ ಕಡೆ ಅಂಟುವ ಹಾಳೆಗೆಲ್ಲ ರೇಡಿಯಂ ಎಂದೇ ಹೆಸರು. ಹಳದಿ ಹಾಳೆಯ ಮೇಲೆ ಕುಂಕುಮದ ಬಣ್ಣದ ಅಕ್ಷರ. ಅಂಗಡಿಯಾತ ಸುರುಳಿ ಸುತ್ತುತ್ತ, “ಗಾಜು ಕ್ಲೀನಾಗಿ ಒರಸಿ ಮೇಡಂ. ಸೋಪಿನ್ ನೀರು ಚಿಮುಕ್ಸಿ, ಮಧ್ಯದಿಂದ ಹೊರಕ್ಕೆ ತಳ್ಕೊಂಡು ಬನ್ನಿ. ಗುಳ್ಳೆ ಎದ್ಬುಟ್ರೆ ಕಷ್ಟ. ನಾನೇ ಬರ್ಲಾ?” ಎಂದ. ಬೇಡ ಎಂದೆ. ಮೂವತ್ತು ವರ್ಷದಿಂದ ದಿನಾ ಹಣೆಗೆ ಸ್ಟಿಕ್ಕರ್ ಅಂಟಿಸಿಕೊಂಡು, ಸ್ನಾನಕ್ಕೆ ಮೊದಲು ಕಿತ್ತು ಬಚ್ಚಲಿನ ಕನ್ನಡಿಗೆ ಅಂಟಿಸುವವಳಿಗೆ ಅನುಭವ ಸಾಲದೆ? ಹಣೆಗೂ ಬಾಗಿಲಿಗೂ ಅಳತೆಯಲ್ಲಿ ವ್ಯತ್ಯಾಸವಿದೆ ಎಂಬುದು ಆಗ ಹೊಳೆಯಲಿಲ್ಲ.

ಬಸ್ಸಿನಲ್ಲಿ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಮಡಚಬಾರದು, ಒತ್ತಬಾರದು. ಸುತ್ತೂರಿನಲ್ಲಿ ಹತ್ತಿದ ಅಜ್ಜಿಯೊಬ್ಬಳು ಅದನ್ನು ಕ್ಯಾಲೆಂಡರ್ ಎಂದುಕೊಂಡು, “ಅಮಾಸೆ ಯಾವತ್ತವ್ವ, ವಸಿ ಬಿಚ್ಚಿ ನೋಡೇಳು” ಎಂದಳು. ನನಗೆ ಅಮಾವಾಸ್ಯೆಯ ಯೋಚನೆಯಿರಲಿಲ್ಲ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಹೆಸರು ಬಾಗಿಲ ಮೇಲಿರಬೇಕು, ದೀಪ ಒಳಗಿರಬೇಕು.

ಹೋದವಳೇ ಗಾಜನ್ನು ಕನ್ನಡಿಯಂತೆ ಒರೆಸಿದೆ. ಸೋಪಿನ ನೀರು ಕಲಸಲು ಒಳಗೆ ಹೋಗಿ ಬರುವಷ್ಟರಲ್ಲಿ, ಮೂಗೂರಿನಿಂದ ಬಂದಿದ್ದ ದೊಡ್ಡಮ್ಮ ಅದೇ ಗಾಜಿನ ನಟ್ಟನಡುವೆ ಮೂರು ಬೆರಳಿನಿಂದ ವಿಭೂತಿ ಎಳೆದು, ಕೈ ಮುಗಿದು ನಿಂತಿದ್ದರು. ಮಿಕ್ಸಿಯಾಗಲಿ ಸ್ಕೂಟರಾಗಲಿ, ವಿಭೂತಿ ಕಾಣದೆ ನಮ್ಮ ಮನೆಗಳಲ್ಲಿ ಯಾವ ವಸ್ತುವೂ ಕೆಲಸ ಶುರು ಮಾಡಿದ್ದಿಲ್ಲ.

“ಒರೆಸಿಬಿಡ್ಲಾ ದೊಡ್ಡಮ್ಮ?”

“ಇಟ್ಟ ಇಬೂತಿನ ಒರಸ್ತಾರೇನೇ, ಮೂದೇವಿ! ಅದ್ರ ಮ್ಯಾಲೇ ಅಂಟ್ಸು.”

ಅಂಟಿಸಿದೆ. ಹತ್ತೂಕಾಲು ಆಗಿತ್ತು. ಆತುರದಲ್ಲಿ ಮಧ್ಯ ಮರೆತುಹೋಗಿ ನಾಲ್ಕೂ ಅಂಚುಗಳನ್ನು ಮೊದಲು ಒತ್ತಿಬಿಟ್ಟೆ. ಒಳಗಿದ್ದ ಗಾಳಿ ಪಾಪ ಎಲ್ಲಿಗೆ ಹೋಗಬೇಕು? ದೇಹದಲ್ಲಿ ಪ್ರಾಣ, ಅಪಾನ ಎಂದು ಐದು ವಾಯುಗಳಿವೆಯಂತೆ. ಯೋಗ ಕಲಿತವರು ಅವನ್ನೆಲ್ಲ ಹಿಡಿತದಲ್ಲಿಡುತ್ತಾರಂತೆ. ಸ್ಟಿಕ್ಕರಿನ ಕೆಳಗಿನ ಆರನೆಯ ವಾಯುವಿನ ಬಗ್ಗೆ ಅವರು ಏನೂ ಹೇಳಿದಂತಿಲ್ಲ. ಇಲ್ಲಿ ಒತ್ತಿದರೆ ಅಲ್ಲಿ ಏಳುತ್ತದೆ, ಅಲ್ಲಿ ಒತ್ತಿದರೆ ಇಲ್ಲಿ ನಗುತ್ತದೆ. ಉಗುರಿನಿಂದ ತೀಡಿದೆ, ಅಂಚು ಹಿಡಿದು ಎಳೆದೆ. ನೋಡನೋಡುತ್ತಿದ್ದಂತೆ ತಂಗಿಯ ಹೆಸರು ಎಣ್ಣೆಗೆ ಬಿಟ್ಟ ಹಪ್ಪಳದಂತಾಯಿತು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

“ಬುಡಕ್ಕ” ಎಂದಳು ಮೆಲ್ಲಗೆ. “ನೀನು ಎಳೀತಿದ್ದೀಯ. ಎಳುದ್ರೆ ಬಟ್ಟೇನೂ ಮುನಿಸ್ಕೊತದೆ.”

ಸ್ಟಿಕ್ಕರನ್ನು ಒಂದು ಮೂಲೆಯಿಂದ ಹಗುರಾಗಿ ಎಬ್ಬಿಸಿದಳು. ಇಸ್ತ್ರಿಗೆ ಮೊದಲು ಚಿಮುಕಿಸುವಂತೆ ನೀರು ಚಿಮುಕಿಸಿದಳು. ಮರದ ಸ್ಕೇಲಿಗೆ ಲೈನಿಂಗ್ ಬಟ್ಟೆ ಸುತ್ತಿ ನಡುವಿನಿಂದ ಹೊರಕ್ಕೆ ಸವರುತ್ತ ಹೋದಳು, ರಾಹುಕಾಲಕ್ಕೆ ಇನ್ನೂ ಒಂದು ವರ್ಷವಿದೆ ಎಂಬಂತೆ. ಗುಳ್ಳೆಗಳು ಒಂದೊಂದಾಗಿ ಅಂಚಿಗೆ ಬಂದು ಹೇಳದೆ ಕೇಳದೆ ಹೊರಟುಹೋದವು. ವಿಭೂತಿ ಗಂಟು ಕಟ್ಟಿದ್ದ ಜಾಗದಲ್ಲಿ, ಹೆಸರಿನ ಪಕ್ಕದಲ್ಲೇ, ಕಡಲೆಕಾಳಿನಷ್ಟು ಒಂದು ಮಾತ್ರ ಉಳಿಯಿತು.

ನಾನು ಬಳೆಯಿಂದ ಪಿನ್ನು ಬಿಚ್ಚಿದೆ. ತಂಗಿ ಕೈ ಹಿಡಿದಳು. “ನನ್ ಹೆಸ್ರಿಗೆ ಪಿನ್ ಚುಚ್ತೀಯಾ ಅಕ್ಕ? ಅದೂ ಇವತ್ತು?”

“ಇರ್ಲಿ ಬುಡೇ” ಎಂದರು ದೊಡ್ಡಮ್ಮ. “ಇಬೂತಿ ಜೊತೆ ಒಳಗೆ ನಂಜುಂಡಪ್ಪ ಕೂತವ್ನೆ. ಉಸುರಾಡಕ್ಕೆ ಅವನ್ಗೂ ವಸಿ ಜಾಗ ಬ್ಯಾಡ್ವಾ?”

ರಾಹುಕಾಲಕ್ಕೆ ಎರಡು ನಿಮಿಷವಿರುವಾಗ ದೀಪ ಹಚ್ಚಿದೆವು. ಮಧ್ಯಾಹ್ನ ಹೆಂಗಸೊಬ್ಬಳು ಬಾಗಿಲ ಹೊರಗೆ ನಿಂತು, ಅಕ್ಷರ ಕೂಡಿಸಿ ಓದಿ, “ಮಂಗಳ ಅಂದ್ರೆ ಯಾರು?” ಎಂದಳು. ಇಪ್ಪತ್ತು ವರ್ಷದ ಅಭ್ಯಾಸ, ತಂಗಿ ಹಿಂದಕ್ಕೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. “ನಾನೇ, ಬನ್ನಿ” ಎಂದಳು. ಬಂದವಳು ಗುಳ್ಳೆಯನ್ನು ನೋಡಲೇ ಇಲ್ಲ. ನಾನು ಬೆಳಗಿನಿಂದ ಬೇರೇನನ್ನೂ ನೋಡಿರಲಿಲ್ಲ.

ಆಮೇಲೆ ನರಸೀಪುರಕ್ಕೆ ಹೋದಾಗಲೆಲ್ಲ, ಬಾಗಿಲು ತಳ್ಳುವ ನೆಪದಲ್ಲಿ ನನ್ನ ಹೆಬ್ಬೆರಳು ಅದನ್ನು ಒತ್ತಿ ನೋಡುತ್ತಿತ್ತು. ತಂಗಿಗೆ ಗೊತ್ತಾಗಿರಬೇಕು. ಕಳೆದ ಸಲ ಹೋದರೆ ಗುಳ್ಳೆಯ ನೆತ್ತಿಯ ಮೇಲೆ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು. ಅವಳ ಹಣೆಯಿಂದಲೇ ಇಳಿದು ಬಂದದ್ದು. ಸ್ವಲ್ಪ ಎಡಕ್ಕೆ ವಾಲಿತ್ತು.

ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, ಭುಜದಿಂದ ಬಾಗಿಲು ತಳ್ಳಿ ಒಳಗೆ ಹೋದೆ.