ನೀರು ಕೇಳದವರ ಮನೆ

ನಿಜಾಮರ ಆಳಿಕೆಯ ಕೊನೆಯ ವರ್ಷಗಳು. ನಾನು ಕುಷ್ಟಗಿಯ ತಹಸೀಲ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಒಂದು ದಿನ ಯಲಬುರ್ಗಾ ಕಡೆಯ ಬಳೆಗಾರ್ತಿಯೊಬ್ಬಳು ಬಳೆಯ ಮಲಾರ ಹೊತ್ತುಕೊಂಡೇ ಒಳಗೆ ಬಂದಳು. ಕುಷ್ಟಗಿಯ ಹೊರಗೆ ಒಬ್ಬ ಕಾಳುಕಡಿಯ ಅಡತಿ ವ್ಯಾಪಾರಿ ದಿಕ್ಕಿಲ್ಲದ ಮುದುಕ ಮುದುಕಿಯರಿಗೆಂದು ಮನೆ ಕಟ್ಟಿಸಿದ್ದರು. ಬಳೆಗಾರ್ತಿಯ ಊರಿನ ಕುರುಡಿ ಅಜ್ಜಿಯೊಬ್ಬಳು ಅಲ್ಲಿದ್ದಳು.

"ನಮ್ಮ ಆಯಿ ಅಲ್ಲಿ ಒಣಗಾಕತ್ಯಾಳ್ರಿ."

"ಹೊಡಿತಾರೇನು?" ಎಂದರು ತಹಸೀಲದಾರ ಸಾಹೇಬರು.

"ಇಲ್ರಿ. ಏನಂತ ಆಕಿ ಹೇಳವಲ್ಲಳು. ನಾ ಹೋದಾಗೊಮ್ಮೆ ನನ್ನ ಕೈ ಬಿಡವಲ್ಲಳು."

ಇದೆಂಥ ತಕರಾರು ಎಂದು ಸಾಹೇಬರು ನಕ್ಕರು. ಆಕೆ ಮಾತ್ರ ಕೂತ ಜಾಗ ಬಿಟ್ಟು ಏಳಲಿಲ್ಲ. ಕಡೆಗೆ ಸಾಹೇಬರು ನನ್ನ ಕಡೆ ತಿರುಗಿ, "ಹೋಗಿ ನೋಡಿ ಬಾ. ಆ ದೊಡ್ಡ ಮನುಷ್ಯನ ಮನಸ್ಸು ನೋಯಬಾರದು, ನೋಡು" ಎಂದರು.

ಹೋದೆ. ಆ ಮನೆಯ ಉಸ್ತುವಾರಿ ವ್ಯಾಪಾರಿಯ ದೂರದ ಸಂಬಂಧಿಯೊಬ್ಬನದು. ನಾನು ಬರುವ ಸುದ್ದಿ ಅವನಿಗೆ ಮೊದಲೇ ಮುಟ್ಟಿತ್ತು. ಅಂಗಳ ಸಾರಿಸಿತ್ತು. ಹಾಸಿಗೆಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿ, "ನೋಡ್ರಿ, ಹೆಂಗ ಒಣಗ್ಯಾವ!" ಎಂದ. ಮುದುಕರೆಲ್ಲ ಗೋಡೆಗೆ ಆತುಕೊಂಡು ಕೂತಿದ್ದರು. ಯಾರನ್ನು ಕೇಳಿದರೂ "ಛಲೋ ನೋಡ್ಕೋತಾರ್ರಿ" ಎಂಬ ಒಂದೇ ಮಾತು. ಕುರುಡಜ್ಜಿಯೂ ಅದನ್ನೇ ಅಂದಳು. ಮಧ್ಯಾಹ್ನ ತಿರುಗಿದ ಮೇಲೆ ನನ್ನೆದುರೇ ಅವರಿಗೆ ಊಟ ಬಡಿಸಿದರು, ರೊಟ್ಟಿ, ಬ್ಯಾಳಿ. ತಪ್ಪು ಎನ್ನುವಂಥದ್ದು ಏನೂ ಕಾಣಲಿಲ್ಲ.

ಆದರೂ ಮನಸ್ಸು ನಿಲ್ಲಲಿಲ್ಲ. ಕಚೇರಿಯಲ್ಲಿ ಕೂತರೆ ಏಳಬೇಕು, ಎದ್ದರೆ ಎಲ್ಲಿಗೆಂದು ಗೊತ್ತಿಲ್ಲ. ಏನನ್ನೋ ನೋಡಿಯೂ ನೋಡದೆ ಬಂದಿದ್ದೆ. ಸಂಜೆ ಊಟಕ್ಕೆ ಕೂತಾಗ ನನ್ನ ಹೆಂಡತಿ ತಾಟಿಗಿಂತ ಮೊದಲು ತಂಬಿಗೆ ತಂದಿಟ್ಟಳು. ಕೈ ತೊಳೆಯಲು ಬಾಗಿದವನು ಹಾಗೇ ಕೂತುಬಿಟ್ಟೆ. ಅಲ್ಲಿ ರೊಟ್ಟಿ ತಿಂದವರ ಮುಂದೆ ನೀರಿರಲಿಲ್ಲ. ಒಬ್ಬರೂ ಕೇಳಿರಲೂ ಇಲ್ಲ.

ಮರುದಿನ ಮಧ್ಯಾಹ್ನದ ಮೇಲೆ ಹೇಳದೆ ಕೇಳದೆ ಹೋದೆ. ಉಸ್ತುವಾರಿಯವನು ಸಂತೆಗೆ ಹೋಗಿದ್ದ. ಮುದುಕರನ್ನು ನೋಡಿಕೊಳ್ಳಲು ಇದ್ದ ವಿಧವೆಯೊಬ್ಬಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಕೊಡದಿಂದ ಒಂದು ತಂಬಿಗೆ ನೀರು ತುಂಬಿ ಕುರುಡಜ್ಜಿಯ ಕೈಗೆ ಕೊಟ್ಟೆ. ಆಕೆ ತಂಬಿಗೆಯ ಕಂಠವನ್ನು ಬೆರಳಿನಿಂದ ಸವರಿದಳು, ಕುಡಿಯಲಿಲ್ಲ. ತುಟಿಗಳು ಬತ್ತಿದ ಕೆರೆಯ ತಳದ ಹಾಗೆ ಬಿರಿದಿದ್ದವು.

"ಕುಡಿ ಯವ್ವಾ."

"ಬ್ಯಾಡೋ ಯಪ್ಪಾ. ಈಗ ಕುಡದ್ರ ಹಾಸಿಗಿ ಹಸಿ ಆಕೈತಿ. ಬೈತಾರ."

"ಯಾರು ಬೈತಾರ?"

ಬಾಗಿಲಿನಿಂದ ಉತ್ತರ ಬಂತು. "ನಾನ ಬೈತೀನ್ರಿ." ಆ ವಿಧವೆ ಬೂದಿಗೈಯಲ್ಲೇ ನಿಂತಿದ್ದಳು. "ಮಧ್ಯಾಹ್ನ ಆದ ಮ್ಯಾಲೆ ನೀರು ಕೊಡಬ್ಯಾಡ ಅಂತ ಆ ಉಸ್ತುವಾರಿ ಯಪ್ಪ ಹೇಳ್ಯಾನ. ಹಾಸಿಗಿ ಹಸಿ ಆದ್ರ ನನ್ನ ಹೊರಗ ಹಾಕ್ತಾನಂತ. ಇಷ್ಟು ಮಂದೀನ ಬಯಲಕಡಿಗೆ ಕರಕೊಂಡು ಹೋಗಾಕ, ಕೌದಿ ಒಗ್ಯಾಕ ನಾ ಒಬ್ಬಾಕಿ. ಹೊರಗ ಹಾಕಿದ್ರ ನಾ ಎಲ್ಲಿಗೆ ಹೋಗ್ಲಿ ಹೇಳ್ರಿ?"

ಆಮೇಲೆ ಆಕೆಯೇ ಸೆರಗಿಗೆ ಕೈ ಒರೆಸಿಕೊಂಡು ಬಂದು ಅಜ್ಜಿಯ ಬೆನ್ನಿಗೆ ಕೈಯಾನಿಸಿದಳು. "ಕುಡಿ ಆಯಿ. ನಾ ಒಗೀತೀನಿ."

ಅಜ್ಜಿ ಉಸಿರು ಬಿಡದೆ ತಂಬಿಗೆ ಬರಿದು ಮಾಡಿದಳು. ಆ ಗುಟುಕಿನ ಸಪ್ಪಳಕ್ಕೆ ಗೋಡೆಗುಂಟ ಕೂತವರೆಲ್ಲ ತಿರುಗಿದರು. ಒಬ್ಬೊಬ್ಬರೇ ಕೈ ಚಾಚಿದರು. ಕೊಡ ತಳ ಕಂಡಿತು.

ವ್ಯಾಪಾರಿಯ ಅಂಗಡಿಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿದೆ. ಅವರು ಕೆಂಡವಾದರು. "ಧರ್ಮ ಮಾಡಿದ್ದಕ್ಕ ಇದು ಬಹುಮಾನ! ನಾಳೆನ ಆ ಮನಿ ಮುಚ್ಚತೀನಿ. ನೀವ ಕರಕೊಂಡು ಹೋಗಿ ಸಾಕ್ರಿ."

ಅಲ್ಲಿಂದ ಮನೆಗೆ ಹೋಗಲು ಕಾಲು ಬರಲಿಲ್ಲ. ಎರೆಮಣ್ಣಿನ ಹೊಲದ ದಾರಿಯಲ್ಲಿ ಸುಮ್ಮನೆ ತಿರುಗಿದೆ. ಮನೆ ಮುಚ್ಚಿದರೆ ಅವರೆಲ್ಲ ಬೀದಿಗೆ. ನೀರಿಲ್ಲದಿದ್ದರೂ ನೆರಳಿತ್ತಲ್ಲ, ಅದನ್ನೂ ನಾನೇ ಕಿತ್ತಂತಾಯಿತೇ?

ಮೂರನೆಯ ದಿನ ವ್ಯಾಪಾರಿ ತಾವೇ ಆ ಮನೆಗೆ ಹೋದರಂತೆ. ಉಸ್ತುವಾರಿಯವನು ಎಂದಿನಂತೆ ಒಣಗಿದ ಹಾಸಿಗೆ ತೋರಿಸಿದ. ಇವರು ಹಾಸಿಗೆ ನೋಡದೆ ಅಜ್ಜಿಯ ತುಟಿ ನೋಡಿದರು. ಅಲ್ಲಿಂದ ನೆಟ್ಟಗೆ ಹೊರಬಿದ್ದರು. ಆ ವಾರದೊಳಗೆ ವಿಧವೆಯ ಜೊತೆಗೆ ಇನ್ನಿಬ್ಬರು ಹೆಂಗಸರು ಬಂದರು, ಪ್ರತಿಯೊಬ್ಬರ ತಲೆಗಡೆ ನೀರಿನ ಒಂದೊಂದು ಮಣ್ಣಿನ ಗಡಿಗೆ ಬಂತು. ಉಸ್ತುವಾರಿ ತಪ್ಪಿದ ಸಂಬಂಧಿ ಅಡತಿ ಅಂಗಡಿಗೆ ಹೋದ, ಚೀಲ ಹೊಲಿಸಲು.

ಮುಂದೊಮ್ಮೆ ಬಳೆಗಾರ್ತಿ ಸಿಕ್ಕಾಗ ನಗುತ್ತಿದ್ದಳು. "ನಮ್ಮ ಆಯಿ ಈಗ ಎಲ್ಲಾರಿಗೂ ಬೈಯಾಕ ಹತ್ಯಾಳ್ರಿ."

ನಾನೂ ನಕ್ಕೆ. ಆದರೆ ವಿಧವೆ ಹೇಳಿದ ಇನ್ನೊಂದು ಮಾತು ಆಗಲೇ ನನ್ನ ಕಿವಿಗೆ ಬಿದ್ದಿತ್ತು. ನಾನು ಹೋಗುವ ಮೊದಲಿನ ಬೇಸಿಗೆಯಲ್ಲಿ ಅಲ್ಲಿ ಒಬ್ಬ ಅಜ್ಜ ತೀರಿಕೊಂಡಿದ್ದ. ಜ್ವರ ಅಂದಿದ್ದರು. ಇರಬಹುದು. ಸಾಹೇಬರಿಗೆ ತಿಳಿಸಿದೆ. "ಅವನ ಪರವಾಗಿ ಯಾರಾದ್ರೂ ತಕರಾರು ತಂದಾರೇನು?" ಎಂದು ಕೇಳಿದರು. ಯಾರೂ ತಂದಿರಲಿಲ್ಲ. ಅವನಿಗೆ ಯಾರೂ ಇರಲಿಲ್ಲ.