ತೆಗೆದವರ ಪಟ್ಟಿಯಲ್ಲಿ ಒಂದೇ ಹೆಸರು

ಹೊರ್ತಿಯಿಂದ ಎರಡು ಹರದಾರಿ ಒಳಗಿನ ಒಂದು ಊರಿನ ಹೈಸ್ಕೂಲಿನಲ್ಲಿ ಬಸಂತರಾಯ ಮಾಸ್ತರರು ಇಪ್ಪತ್ತೊಂಬತ್ತು ವರ್ಷ ಗಣಿತ ಕಲಿಸಿದರು. ಬೆತ್ತ ಹಿಡಿದವರಲ್ಲ, ಹಿಡಿಯುವ ಜರೂರೂ ಬೀಳಲಿಲ್ಲ. ಕನ್ನಡಕದ ಮೇಲಿಂದ ಒಂದು ಸಲ ನೋಡಿದರೆ ಹಿಂದಿನ ಬೆಂಚಿನ ಹುಡುಗನ ಬಾಯೊಳಗಿನ ಶೇಂಗಾ ಬಾಯಲ್ಲೇ ನಿಲ್ಲುತ್ತಿತ್ತು. ಊರು ಅವರನ್ನು ನಂಬಿತ್ತು. ಹೊಲದ ಬದುವಿನ ತಂಟೆ ಇರಲಿ, ಅತ್ತೆ ಸೊಸೆಯರ ಜಗಳ ಇರಲಿ, “ಮಾಸ್ತರ ಏನಂತಾರ ಕೇಳ್ರಿ” ಅನ್ನುವುದೇ ಅಲ್ಲಿಯ ಕೊನೆಯ ಕೋರ್ಟು.

ಊರಾಚೆಯ ಅಡವಿ ವಸ್ತಿಯಲ್ಲಿ ಕುರಿ ಕಾಯುವ ಅಮೋಘಸಿದ್ಧನ ಮನೆ. ಅವನ ಮಗಳು ಕಾವೇರಿ. ಲೆಕ್ಕ ಹಲಗೆಯ ಮೇಲೆ ಬಿದ್ದು ಸುಣ್ಣದ ಪುಡಿ ಉದುರುವ ಮೊದಲೇ ಉತ್ತರ ಹೇಳುವ ಹುಡುಗಿ. ಎಂಟನೆಯ ಇಯತ್ತೆ ಮುಗಿದಾಗ ಅಪ್ಪ ಅವಳನ್ನು ಸಾಲೆ ಬಿಡಿಸುವ ಮನಸ್ಸು ಮಾಡಿದ. ಸುದ್ದಿ ತಿಳಿದ ಮಾಸ್ತರರು ಬಿಸಿಲಲ್ಲಿ ವಸ್ತಿಯ ತನಕ ನಡೆದು ಹೋದರು.

“ಅಮೋಘಸಿದ್ಧ, ಇಂಥಾ ತಲಿ ಹತ್ತು ವರ್ಷಕ್ಕ ಒಂದ ಬರ್ತೈತಿ. ಹತ್ತನೆತ್ತೆ ಮುಗಸಲಿ. ಮುಂದಿಂದ ನಾ ನೋಡ್ಕೋತೇನಿ, ಟೀಚರ ಆಗ್ತಾಳ.”

“ನಮ್ಮ ವಸ್ತ್ಯಾಗ ಗಂಡಸರೇ ಏಳನೆತ್ತೆ ದಾಟಿಲ್ರಿ, ಸರ್.”

“ಅದಕ್ಕ ನೀ ನಿನ್ನ ಕುರಿ ಎಣಸಾಕ ಮಗಳನ್ನ ಕರೀತಿ.”

ಅಮೋಘಸಿದ್ಧ ಮೀಸೆಯಲ್ಲಿ ನಕ್ಕ. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಅಂದ: “ನಿಮ್ಮ ಮಾತಿನ ಮ್ಯಾಲ ಬಿಟ್ಟೇನ್ರಿ. ನೀವು ಓದು ಅನ್ನೂತನಾ ಓದ್ತಾಳ. ನೀವು ಸಾಕು ಅಂದ ದಿನ ಸಾಕು.”

ಮಾಸ್ತರರಿಗೆ ಅದು ಗೆದ್ದಂತೆ ಕಂಡಿತು. ಅವರು ಸಾಕು ಅನ್ನುವ ದಿನ ಎಲ್ಲಿಂದ ಬಂದೀತು?

ಕಾವೇರಿ ಒಂಬತ್ತನೆಯದಕ್ಕೆ ಬಂದದ್ದು ಕೊರೋನಾ ವರ್ಷ. ಸಾಲೆಗೆ ಬೀಗ ಬಿತ್ತು, ಪಾಠ ಮೊಬೈಲಿನೊಳಗೆ ಹೊಕ್ಕಿತು. ಐವತ್ತೈದು ದಾಟಿದ ಮಾಸ್ತರರು ಯಾರನ್ನೂ ಕೇಳದೆ, ತಾವೇ ಒತ್ತಿ ನೋಡಿ, ತಪ್ಪಿ, ತಿದ್ದಿ, ಆ ವಿದ್ಯೆಯನ್ನು ಕೈವಶ ಮಾಡಿಕೊಂಡರು. ಇಂಗ್ಲಿಷಿನ ಗೊಡವೆ ಬೇಡವೆಂದು ಆ್ಯಪನ್ನು ಕನ್ನಡಕ್ಕೆ ತಿರುಗಿಸಿಟ್ಟರು. ದೇವರ ಜಗುಲಿಯ ಬದಿಯಲ್ಲಿ ಮೊಬೈಲನ್ನು ತಂಬಿಗೆಗೆ ಆನಿಸಿ ಅವರು ಸಮೀಕರಣ ಬಿಡಿಸುವುದನ್ನು ಹೆಂಡತಿ ಗುರವ್ವ ಅಡಿಗೆಮನೆಯಿಂದ ನೋಡುತ್ತಿದ್ದಳು.

“ಗ್ವಾಡಿ ಕೂಡ ಮಾತಾಡೋ ಹುಚ್ಚರನ್ನ ಕಂಡಿದ್ದೆ. ಗ್ವಾಡಿಗೆ ಲೆಕ್ಕ ಹೇಳೋರನ್ನ ಇವತ್ತ ಕಂಡೆ.”

“ಸುಮ್ಮಕಿರು, ನಲವತ್ತು ಹುಡುಗರು ಕೇಳಾಕತ್ತಾರ.”

“ಕೇಳ್ಲಿ ಬಿಡ್ರಿ. ನಿಮಗ ರೊಟ್ಟಿ ಬಡ್ಯೂದೂ ಒಂದ ಪಾಠಾನೇ.”

ಕಲಿತದ್ದನ್ನೆಲ್ಲ ಒಂದು ಇನ್ನೂರು ಪುಟದ ವಹಿಯಲ್ಲಿ ಬರೆದಿಟ್ಟರು. ಹುಡುಗರೆಲ್ಲರ ದನಿ ಬಂದ್ ಮಾಡಿ ಪಾಠ ಶುರುಮಾಡಿ. ಇಲ್ಲದಿದ್ದರೆ ಒಬ್ಬರ ಮನೆಯ ಎಮ್ಮೆ ನಲವತ್ತು ಮನೆಯ ಗಣಿತ ಕೆಡಿಸುತ್ತದೆ. ಕಿಟಕಿಗೆ ಬೆನ್ನು ಮಾಡಿ ಕೂಡಬೇಡಿ, ಮುಖ ಮಸಿಯಾಗುತ್ತದೆ. ಒಂದು ಲೆಕ್ಕ ಹೇಳಿ ಎರಡು ನಿಮಿಷ ಸುಮ್ಮನಿರಿ, ಹುಡುಗರ ನೆಟ್‌ವರ್ಕ್ ನಿಮ್ಮಷ್ಟು ಓಡುವುದಿಲ್ಲ. ಹೀಗೆ ಒಂದೊಂದಾಗಿ. ಪಕ್ಕದ ಊರುಗಳ ಮಾಸ್ತರರು ಫೋನು ಮಾಡಿ ಕೇಳಿ ಬರೆದುಕೊಂಡರು.

ಕಾವೇರಿಯ ಕಷ್ಟ ಬೇರೆ ಇತ್ತು. ಮನೆಗೆ ಇರುವುದೊಂದೇ ಮೊಬೈಲು, ಅದು ಅಪ್ಪನದು. ವಸ್ತಿಯಲ್ಲಿ ನೆಟ್‌ವರ್ಕ್ ಇಲ್ಲ. ಒಂಬತ್ತಕ್ಕೆ ಕುರಿ ಬಿಟ್ಟು, ಅವುಗಳ ಹಿಂದೆ ದಿಬ್ಬ ಏರಿದರೆ ಮೊಬೈಲಿಗೆ ಜೀವ ಬರುತ್ತಿತ್ತು. ಅಷ್ಟೊತ್ತಿಗೆ ಪಾಠ ಶುರುವಾಗಿ ಕಾಲು ತಾಸು. ಒಂದು ದಿನ ಹೆದರುತ್ತ ಹೇಳಿಕೊಂಡಳು.

“ಅಡ್ಡಿಯಿಲ್ಲವ್ವಾ,” ಅಂದರು ಮಾಸ್ತರರು. “ನೀ ಎಷ್ಟೊತ್ತಿಗರೆ ಬಾ. ಬಾಗಲಾ ಹಾಕಿದ್ರೂ ನಿನ್ನ ಹೆಸರ ಕಂಡ ಕೂಡ್ಲೆ ತಗೀತೇನಿ.”

ಹತ್ತು ದಿನವಾಗಿರಬೇಕು. ಯಾರೋ ಪುಂಡರು ಪಾಠದೊಳಗೆ ನುಗ್ಗಿ ಕುಣಿತದ ಹಾಡು ಹಚ್ಚಿಬಿಟ್ಟರು. ಮಾಸ್ತರರು ಸಿಟ್ಟಿನಿಂದ ಬಾಗಿಲು ಹಾಕುವ ಹಿಕಮತ್ತು ಕಲಿತರು. ಒಂಬತ್ತು ಹೊಡೆದು ಐದು ನಿಮಿಷಕ್ಕೆ ಬಾಗಿಲು ಬಂದ್. ಆಮೇಲೆ ಬಂದವರು ಹೊರಗೆ ನಿಂತು ಕಾಯಬೇಕು. ಮಾಸ್ತರರ ಸಿಟ್ಟು ಬಲ್ಲ ಹುಡುಗರೆಲ್ಲ ಮರುದಿನವೇ ಹೊತ್ತಿಗೆ ಸರಿಯಾಗಿ ಬಂದು ಕೂತರು. ಒಂಬತ್ತೂಕಾಲಿಗೆ ಮೇಲೊಂದು ಸಾಲು ಮೂಡಿತು: ‘ಅಮೋಘಸಿದ್ಧ ಹೊರಗೆ ಕಾಯುತ್ತಿದ್ದಾರೆ.’ ಅದರ ಕೆಳಗೆ ಎರಡು ಮಾತು: ‘ಸೇರಿಸು’, ‘ತೆಗೆ’.

ಕನ್ನಡ ಬಲ್ಲವನಿಗೆ ಇದರಲ್ಲಿ ವಿಚಾರ ಮಾಡುವುದೇನಿದೆ? ಸೇರಿಸುವುದೆಂದರೆ ಸಾಲೆಗೆ ಹೊಸ ಹುಡುಗರ ಹೆಸರು ಹಚ್ಚುವುದು, ಅದು ಜೂನ್ ತಿಂಗಳ ಕೆಲಸ. ಕಾವೇರಿ ಎಂದೋ ಸೇರಿದವಳು. ಬಾಗಿಲು ಹಾಕಿದೆ, ಹುಡುಗಿ ಹೊರಗೆ ನಿಂತಿದ್ದಾಳೆ, ತೆಗೆಯಬೇಕು. ಮಾಸ್ತರರು ‘ತೆಗೆ’ ಒತ್ತಿದರು. ಹೆಸರು ಮೇಲಿನಿಂದ ಸರಿದು ಹೋಯಿತು. ಬಂದಳು ಎಂದುಕೊಂಡು ಸಮೀಕರಣ ಮುಂದುವರಿಸಿದರು.

ಮುಂದಿನ ದಿನಗಳಲ್ಲಿ ಆ ಸಾಲು ಮತ್ತೆ ಮೂಡಲಿಲ್ಲ. ಹುಡುಗಿ ಹೇಗೋ ಹೊತ್ತಿಗೆ ಬರುವುದನ್ನು ರೂಢಿ ಮಾಡಿಕೊಂಡಳೆಂದು ಮಾಸ್ತರರು ಹಿಗ್ಗಿದರು. ಹಾಜರಿ ಹಾಕುವಾಗಲೂ ಸಂಶಯ ಬರಲಿಲ್ಲ. ಮೊಬೈಲುಗಳೆಲ್ಲ ಅಪ್ಪಂದಿರ ಹೆಸರಿನವು. ಆ ಸೀಮೆಯಲ್ಲಿ ಅಮೋಘಸಿದ್ಧ ಅನ್ನುವ ಹೆಸರಿಗೆ ಬರವಿಲ್ಲ. ಆ ತರಗತಿಯಲ್ಲೇ ನಾಲ್ವರು ಹುಡುಗರ ಅಪ್ಪಂದಿರು ಅಮೋಘಸಿದ್ಧರು. ಹೆಸರು ಕಂಡಿತು, ಗೀಟು ಬಿತ್ತು. ದನಿಗಳೆಲ್ಲ ಬಂದ್ ಇದ್ದುದರಿಂದ “ಹಾಜರ್ ಸರ್” ಅನ್ನುವ ಬಾಯಿಯೂ ಇರಲಿಲ್ಲ.

ಸಾಲೆಯ ಬೀಗ ತೆರೆದಾಗ ಎಲ್ಲರೂ ಬಂದರು, ಕಾವೇರಿ ಬರಲಿಲ್ಲ. ಮಾಸ್ತರರು ವಸ್ತಿಗೆ ಹೋದರು. ಕದಕ್ಕೆ ಚಿಲಕ. ಕುರಿ ಹೊಡೆದುಕೊಂಡು ಎಲ್ಲರೂ ಭೀಮಾ ದಂಡೆಯ ಕಡೆ ಹೋಗಿದ್ದಾರೆ, ಹುಡುಗಿಯೂ ಹಿಂದೆ ಹೋಗಿದೆ ಎಂದು ಪಕ್ಕದ ಮುದುಕಿ ಹೇಳಿದಳು. ನಾಲ್ಕು ತಿಂಗಳ ಮೇಲೆ ಹೊರ್ತಿಯ ಸಂತೆಯಲ್ಲಿ ಅಮೋಘಸಿದ್ಧ ಸಿಕ್ಕ. ಮಂದಿ ನಿಂತು ನೋಡುವಂತೆ ಝಾಡಿಸಿದರು.

“ಮಗಳನ್ನ ಕುರಿ ಹಿಂದ ಹಚ್ಚಿದೆಲ್ಲೋ! ಕೊಟ್ಟ ಮಾತಿಗೆ ಬೆಂಕಿ ಹಚ್ಚಿದೆಲ್ಲೋ! ಮಾನಾ ಐತೇನ ನಿನಗ?”

ಅಮೋಘಸಿದ್ಧ ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಕೈಮುಗಿದು ನಿಂತ. ಬೈಗಳು ಮುಗಿಯುವ ತನಕ ನೆಲ ನೋಡುತ್ತ ನಿಂತವನು ಒಂದೇ ಮಾತು ಆಡಿದ: “ನಿಮ್ಮ ಮಾತ ನಾವು ಮೀರಿಲ್ರಿ, ಸರ್.”

ಅದನ್ನು ಮಾಸ್ತರರು ಕುಹಕ ಎಂದು ತಿಳಿದರು. ನಾಲ್ಕು ವರ್ಷ ಸಾಲೆಯಲ್ಲಿ, ಚಹಾ ಅಂಗಡಿಯಲ್ಲಿ ಅದನ್ನೇ ಹೇಳಿಕೊಂಡು ತಿರುಗಿದರು. ‘ಕುರಿ ಕಾಯೋರಿಗೆ ಅಕ್ಷರದ ಬೆಲಿ ಏನ ಗೊತ್ತು’ ಎಂದೂ ಒಮ್ಮೆ ಅವರ ಬಾಯಿಂದ ಬಂತು.

ಈ ವರ್ಷ ಅವರ ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಇಂಡಿಯ ಶಿಕ್ಷಣ ಕಚೇರಿಯಿಂದ ಕರೆ ಬಂತು. ತಾಲೂಕಿನ ಮಾಸ್ತರರಿಗೆಲ್ಲ ಒಂದು ದಿನದ ತರಬೇತಿ. ಮೊಬೈಲಿನಲ್ಲಿ ತರಗತಿ ನಿಭಾಯಿಸುವ ಬಗೆಯನ್ನು ಬಸಂತರಾಯ ಮಾಸ್ತರರೇ ಹೇಳಿಕೊಡಬೇಕು. ತಯಾರಿಗೆಂದು ಸಾಲೆಯಲ್ಲಿ ಹಳೆಯ ವಹಿ ಹೊರಗೆ ಬಂತು. ಹೊಸದಾಗಿ ಬಂದಿದ್ದ ವಿಜ್ಞಾನದ ಟೀಚರು ಶಮ್ಶುನ್ನೀಸಾ ಮಾಸ್ತರರ ಹಳೆಯ ಮೊಬೈಲನ್ನು ಗೋಡೆಯ ಮೇಲಿನ ದೊಡ್ಡ ಪರದೆಗೆ ಜೋಡಿಸಿ, ಆ್ಯಪಿನ ಒಂದೊಂದೇ ಮನೆ ತೆರೆಯುತ್ತಿದ್ದಳು.

“ಸರ್, ಈ ಪಟ್ಟಿ ತೋರಸೂದೋ, ಬ್ಯಾಡೋ?”

“ಯಾವುದವಾ?”

“‘ತೆಗೆದವರು’ ಅಂತ ಐತಿ ನೋಡ್ರಿ. ನಿಮ್ಮ ಕೈಯಾಗ ಒಂದೇ ಹೆಸರ ಸಿಕ್ಕೈತಿ. ಯಾರೋ ಭಾರಿ ತಂಟೆಮಾರಿ ಇದ್ದಿರಬೇಕು, ಅಮೋಘಸಿದ್ಧ ಅಂತ.”

“ತಂಟೆಮಾರಿ ಯಾಕ ಆಗ್ತಾಳ? ತೆಗೆದವರು ಅಂದ್ರ ಬಾಗಲಾ ತಗದು ಒಳಗ ಕರಕೊಂಡವರು.”

ಶಮ್ಶುನ್ನೀಸಾ ನಗುವುದಕ್ಕೆ ಬಾಯಿ ತೆರೆದವಳು ಅವರ ಮುಖ ನೋಡಿ ತಡೆದಳು. “ಅಲ್ರಿ ಸರ್. ತಗದ ಹಾಕಿದವರು. ಒಮ್ಮೆ ತಗದ ಹಾಕಿದ್ರ, ಆಮ್ಯಾಲ ಅವರು ಎಷ್ಟ ಬಾಗಲಾ ಬಡದ್ರೂ ನಮಗ ಕಾಣಸೂದಿಲ್ಲ. ಒಳಗ ಕರಕೋಬೇಕಂದ್ರ ‘ಸೇರಿಸು’ ಒತ್ತಬೇಕಾಗಿತ್ತು.”

ಮಾಸ್ತರರು ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಹೋದರು. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ‘ಒಳಬರಲು ಕೇಳಿದ್ದು ಹತ್ತೊಂಬತ್ತು ಸಲ.’ ಕೆಳಗೆ ತಾರೀಖುಗಳು. ಮೊದಲಿನವು ಒಂಬತ್ತೂಕಾಲು, ಒಂಬತ್ತು ಇಪ್ಪತ್ತು. ಆಮೇಲಿನವೆಲ್ಲ ಒಂಬತ್ತಕ್ಕೆ ಸರಿಯಾಗಿ. ಭಾನುವಾರ ಬಿಟ್ಟು ಒಂದು ದಿನವೂ ತಪ್ಪಿಲ್ಲ. ಕೊನೆಯ ದಿನ ಮಾತ್ರ ಒಂದೇ ತಾಸಿನಲ್ಲಿ ಮೂರು ಸಲ.

“ಯಾರ್ರಿ ಸರ್ ಇಂವ?” ಅಂದಳು ಶಮ್ಶುನ್ನೀಸಾ ಮೆಲ್ಲಗೆ.

“ಇಂವ ಅಲ್ಲವಾ. ಆಕಿ.”

ಕಪಾಟಿನಿಂದ ಆ ವರ್ಷದ ಹಾಜರಿ ಪುಸ್ತಕ ತೆಗೆದು ನೋಡಿದರು. ಆ ಎಲ್ಲ ದಿನಗಳಲ್ಲೂ ಕಾವೇರಿಯ ಹೆಸರಿನ ಮುಂದೆ ತಮ್ಮದೇ ಕೈಯ ಗೀಟು. ಅದೂ ಕೆಂಪು ಶಾಯಿಯದು, ಹುಷಾರು ಹುಡುಗರಿಗೆಂದೇ ಇಟ್ಟುಕೊಂಡದ್ದು.

ಮರುದಿನ ಮಾಸ್ತರರು ಆಲಮೇಲದ ಬಸ್ಸು ಹತ್ತಿದರು. ಕಾವೇರಿಗೆ ಹದಿನೆಂಟು ತುಂಬುವುದನ್ನೇ ಕಾದು ಅಲ್ಲಿಗೆ ಕೊಟ್ಟಿದ್ದರು. ಕಬ್ಬಿನ ತೋಟದ ಅಂಚಿನ ಮನೆ. ಅಂಗಳದಲ್ಲಿ ಕೂತು ಎಮ್ಮೆಗೆ ಮೇವು ಕತ್ತರಿಸುತ್ತಿದ್ದವಳು ಅವರನ್ನು ಕಂಡು ಕುಡುಗೋಲು ಬಿಟ್ಟು ಎದ್ದಳು. ಸೆರಗು ತಲೆಯ ಮೇಲೆ ಬಂತು. ಚಹಾ ಮಾಡಿ ತಂದುಕೊಟ್ಟು ಕಂಬಕ್ಕೆ ಒರಗಿ ನಿಂತಳು. ಕೂಡೆಂದರೂ ಕೂಡಲಿಲ್ಲ.

ಮಾಸ್ತರರು ಎಲ್ಲ ಹೇಳಿದರು. ಯಾವ ಮಾತು ಒತ್ತಬೇಕಿತ್ತು, ಯಾವುದು ಒತ್ತಿದರು, ಏನು ತಿಳಿದಿದ್ದರು. ತಡೆತಡೆದು ಹೇಳಿದರು.

“ಹಂಗಾರ ನಂದೇನೂ ತಪ್ಪಿರಲಿಲ್ಲೇನ್ರಿ?”

“ಇಲ್ಲವ್ವಾ. ಸಾಸಿವಿಯಷ್ಟೂ ಇಲ್ಲ.”

“ನಾ ದಿನಾ ತಡಾ ಮಾಡಿ ಬರ್ತೇನಿ ಅಂತ ನಿಮಗ ಬ್ಯಾಸರಾತೇನೋ ಅನ್ಕೊಂಡಿದ್ದೆ. ಫೋನ್ ಮಾಡಿ ಕೇಳಾಕ ಅಂಜಿಕಿ ಬಂತ್ರಿ. ಆ ಮ್ಯಾಲ ಕುರಿ ಬ್ಯಾಡಂತ ಬಿಟ್ಟು ಎಂಟಕ್ಕೇ ದಿಬ್ಬಾ ಏರಿ ಕುಂತ್ರೂ ‘ನಿಮ್ಮನ್ನು ತೆಗೆಯಲಾಗಿದೆ’ ಅಂತನೇ ಬರ್ತಿತ್ರಿ.”

ಮಾಸ್ತರರು ಚಹಾದ ಬಟ್ಟಲು ಕೆಳಗಿಟ್ಟರು. “ಈಗರೆ ಪರೀಕ್ಷಾಕ್ಕ ಕೂಡವಾ. ಹೊರಗಿನವರು ಹತ್ತನೆತ್ತೆ ಕಟ್ಟಬಹುದು. ಫಾರಮ್ ನಾ ತುಂಬ್ತೇನಿ. ಬೇಕಂದ್ರ ಇಲ್ಲೇ ಬಂದು ಹೇಳಿಕೊಡ್ತೇನಿ.”

ಕಾವೇರಿ ನಕ್ಕಳು. ಅಳುವವರನ್ನು ಸುಮ್ಮನಿರಿಸಲು ದೊಡ್ಡವರು ನಗುವ ನಗು. “ಎಲ್ಲಾ ಮರತ ಹೋಗೇನ್ರಿ ಸರ್. ಮೊನ್ನಿ ಭಾವನ ಮಗಾ ಒಂದ ಲೆಕ್ಕಾ ತಂದಿದ್ದ, ಎಕ್ಸ್ ಇದ್ದದ್ದು. ಅದರ ಮಾರಿ ನೋಡಿ ಕಣ್ಣಾಗ ನೀರ ಬಂದ್ವು, ಉತ್ತರಾ ಬರಲಿಲ್ಲ.” ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. “ಒಂದ ಉಪಕಾರ ಮಾಡ್ರಿ. ನಮ್ಮಪ್ಪಗ ಹೇಳ್ರಿ ಇದನ್ನ. ಮಾಸ್ತರಂಥಾ ಮಾಸ್ತರು ಸುಮ್ಮ ಸುಮ್ಮನ ಹೊರಗ ಹಾಕ್ತಾರೇನು, ಈಕಿ ಮೊಬೈಲಿನ್ಯಾಗ ಏನೋ ಮಾಡಬಾರದ್ದ ಮಾಡ್ಯಾಳ ಅಂತ ಅಪ್ಪ ತಿಳಕೊಂಡಾನ. ಅವತ್ತಿನಿಂದ ನನ್ನ ಮಾರಿ ನೋಡಿ ಮಾತಾಡಿಲ್ರಿ. ಲಗ್ನದಾಗ ಅಕ್ಕಿಕಾಳ ಹಾಕೂ ಮುಂದೂ ನೆಲಾನೇ ನೋಡ್ತಿದ್ದ.”

ಆವತ್ತೇ ಇಳಿಹೊತ್ತಿಗೆ ಮಾಸ್ತರರು ಹೊರ್ತಿಯ ಈಚೆ ಬಸ್ಸಿಳಿದು ಅಮೋಘಸಿದ್ಧನನ್ನು ಹುಡುಕಿದರು. ಗೊಬ್ಬರಕ್ಕೆಂದು ಒಬ್ಬರ ಲಿಂಬೆ ತೋಟದಲ್ಲಿ ಕುರಿ ತರುಬಿದ್ದ. ಮಾಸ್ತರರನ್ನು ಕಂಡು ಹೆಗಲ ಕಂಬಳಿ ಕೊಡವಿ ಬದುವಿನ ಮೇಲೆ ಹಾಸಿದ. ಮಾಸ್ತರರು ಅದರ ಮೇಲೆ ಕೂಡಲಿಲ್ಲ, ಬರಿ ನೆಲದ ಮೇಲೆ ಕೂತರು. ಸಂತೆಯಲ್ಲಿ ಬೈದದ್ದಕ್ಕೆ ಮೊದಲು ಕೈಮುಗಿದರು. ಆಮೇಲೆ ಎಲ್ಲವನ್ನೂ ಎರಡನೆಯ ಸಲ ಹೇಳಿದರು.

ಅಮೋಘಸಿದ್ಧ ಕೋಲೂರಿ ನಿಂತೇ ಕೇಳಿದ. ಮೊಬೈಲಿನ ಸಂಗತಿ ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಮಗಳ ತಪ್ಪಿರಲಿಲ್ಲ ಎನ್ನುವುದು ತಿಳಿಯಿತು.

“ನನ್ನ ಮ್ಯಾಲ ಸಿಟ್ಟ ಮಾಡೋ ಅಮೋಘಸಿದ್ಧ,” ಅಂದರು ಮಾಸ್ತರರು. “ಬೈ. ಏನರೆ ಅನ್ನು.”

“ನಿಮಗೇನ ಅನ್ಲಿರಿ.” ಅವನು ಕೆಳಗೆ ಕೂತ. “ಅವತ್ತ ಆಕಿನ್ನ ಕೇಳಿದ್ದೆರಿ, ಏನ ಮಾಡಿದಿ ಹೇಳು ಅಂತ. ಏನೂ ಮಾಡಿಲ್ಲಪ್ಪೋ ಅಂತ ಕಾಲ ಹಿಡದ ಅತ್ಲ್ರಿ. ಅಮೋಘಸಿದ್ಧ ದೇವರ ಆಣಿ ಮಾಡಿದ್ಲು. ನಾ ನಂಬಲಿಲ್ರಿ.”

ಅಮೋಘಸಿದ್ಧ ಕೋಲನ್ನು ಬದಿಗಿಟ್ಟ.

“ನಿಮ್ಮನ್ನ ನಂಬಿದೆ.”